ಸಂಶೋಧನೆಗೆ ಸರ್ಕಾರ ಕೊಡುವುದು ಬೆಂಬಲವೋ, ಸಹಾಯಧನವೋ, ಅನುದಾನವೋ?

ಗೆಳೆಯರೇ, ನಮಸ್ಕಾರ.

ನಮ್ಮ ತಿಪಟೂರು ಕಡೆಯ ತೆಂಗು ಬೆಳೆಗಾರರ ಗುಂಪೊಂದಕ್ಕೆ ಎರಡು ಪುಟದ ಕರಪತ್ರ ಬರೆದುಕೊಡುತ್ತಿದ್ದೇನೆ. ಸಾವಯವ ಕೃಷಿ ಸಂಶೋಧನೆಗೆ ಸರ್ಕಾರ ಏನು ಮಾಡುತ್ತಿದೆ ಅನ್ನುವುದು ವಿಷಯ. ತಲೆಬರಹದಲ್ಲೇ ಎಡವಿ ಬಿದ್ದಿದ್ದೇನೆ.

ಮೊದಲು ‘ಸಾವಯವ ಕೃಷಿ ಸಂಶೋಧನೆಗೆ ಸರ್ಕಾರದ ಬೆಂಬಲ’ ಎಂದು ಬರೆದು ಪಕ್ಕದ ತೋಟದ ಹಿರಿಯರಿಗೆ ಓದಿ ಹೇಳಿದೆ. ‘ಕ್ವಿಂಟಾಲ್‌ಗೆ ಎಷ್ಟು ಮಾಡವ್ರೆ?’ ಅಂದರು. ಕೊಬ್ಬರಿಯ ಬೆಂಬಲ ಬೆಲೆಗೆ ಕಾದು ಕೂರುವ ಊರಲ್ಲಿ ಆ ಪದಕ್ಕೆ ಬೇರೆ ಅರ್ಥವೇ ಉಳಿದಿಲ್ಲ. ಸರಿ, ‘ಸಹಾಯಧನ’ ಅಂತ ತಿದ್ದಿದೆ. ‘ಪಹಣಿ, ಆಧಾರ್ ಎರಡೂ ಬೇಕಾ? ಕೊನೇ ದಿನ ಯಾವತ್ತು?’ ಅಂತ ಎದ್ದೇ ನಿಂತರು.

ತಪ್ಪು ಅವರದಲ್ಲ. ಸಹಾಯಧನ ಅಂದರೆ ರೈತನಿಗೆ ಸಿಗುವ ದುಡ್ಡು. 2015ರಲ್ಲಿ ಸಾವಯವ ಕೃಷಿಗೆಂದು ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ ಶುರುವಾದಾಗ 50 ರೈತರು ಸೇರಿ 50 ಎಕರೆಯ ಗುಂಪು ಮಾಡಿದರೆ ಎಕರೆಗೆ ಮೂರು ವರ್ಷಕ್ಕೆ 20,000 ರೂಪಾಯಿ ಅಂತಿತ್ತು. ಅದು ಸಹಾಯಧನ, ಬಾಯಿಮಾತಲ್ಲಿ ಸಬ್ಸಿಡಿ. ಅನುದಾನ ಹಾಗಲ್ಲ, ಅದು ಸಂಸ್ಥೆಗೆ ಹೋಗುತ್ತದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2004-05ರಲ್ಲಿ ಸಾವಯವ ಕೃಷಿಗೆಂದೇ ಒಂದು ಸಂಶೋಧನಾ ಜಾಲ ಶುರುಮಾಡಿತು. ಉಸ್ತುವಾರಿ ಮೀರತ್ ಹತ್ತಿರದ ಮೋದಿಪುರಂನಿಂದ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಅದರ ಒಂದು ಕೇಂದ್ರ. ಅಲ್ಲಿ ಬೆಳೆಯನ್ನು ಒಂದು ತಾಕಿನಲ್ಲಿ ಪೂರ್ತಿ ಸಾವಯವ, ಇನ್ನೊಂದರಲ್ಲಿ ಪೂರ್ತಿ ರಾಸಾಯನಿಕ, ಮತ್ತೊಂದರಲ್ಲಿ ಎರಡೂ ಬೆರಸಿ ವರ್ಷಗಟ್ಟಲೆ ಬೆಳೆದು ನೋಡುತ್ತಾರೆ. ಇಳುವರಿ ಎಷ್ಟು, ಖರ್ಚೆಷ್ಟು, ಮಣ್ಣು ಏನಾಯಿತು ಅಂತ ಬರೆದಿಡುತ್ತಾರೆ. ರೈತನ ಕೈಗೆ ಬರುವುದು ಆ ಲೆಕ್ಕ, ದುಡ್ಡಲ್ಲ.

ಹಾಗಾದರೆ ‘ಅನುದಾನ’ವೇ ಸರಿ ಅಲ್ವಾ? ಕಡತಕ್ಕೆ ಸರಿ. ಊರಲ್ಲಿ ಅನುದಾನ ಅಂದರೆ ಶಾಸಕರ ಅನುದಾನ, ಮೋರಿ, ಸಿಸಿ ರೋಡು, ಅದರ ಪಕ್ಕ ಒಂದು ಹಳದಿ ಬೋರ್ಡು. ಜೊತೆಗೆ ಅದರೊಳಗಿನ ‘ದಾನ’ ನನಗೆ ಯಾಕೋ ಹಿಡಿಸಲ್ಲ. ನಮ್ಮದೇ ತೆರಿಗೆ ಹಣ, ದಾನ ಯಾರಿಗೆ ಯಾರು ಮಾಡಿದ್ದು?

‘ಒತ್ತಾಸೆ’ ಹೇಗೆ? ‘ಒತ್ತಾಸೆಯಾಗಿ ನಿಂತರು’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಹಣ, ಜಮೀನು, ಆಳುಕಾಳು ಎಲ್ಲವೂ ಅದರಲ್ಲಿ ಹಿಡಿಯುತ್ತದೆ. ಬೆಲೆಯ ವಾಸನೆ ಇಲ್ಲ, ಅರ್ಜಿಯ ವಾಸನೆಯೂ ಇಲ್ಲ. ಆದರೆ ಸರ್ಕಾರದ ಬಗ್ಗೆ ಯಾರೂ ಹಾಗೆ ಬರೆದದ್ದನ್ನು ನಾನು ಓದಿಲ್ಲ. ‘ನೆರವು’ ಇದ್ದೇ ಇದೆ, ಆದರೆ ನೆರೆ ಬಂದಾಗ ಕೊಡುವ ಹಾಗೆ ಕೇಳುತ್ತದೆ.

‘ಸಾವಯವ’ದ ತಂಟೆಗೆ ನಾನು ಹೋಗುವುದಿಲ್ಲ. 2004ರ ರಾಜ್ಯದ ನೀತಿಯ ಹೆಸರೇ ‘ಸಾವಯವ ಕೃಷಿ ನೀತಿ’, ಪದ ಗಟ್ಟಿಯಾಗಿ ಕೂತಿದೆ. ಹಿಂದಿಯವರು ಜೈವಿಕ ಅಂದರು, ಮರಾಠಿಯವರು ಸೇಂದ್ರಿಯ ಅಂದರು, ನಾವು ಅವಯವ ಹಿಡಿದೆವು. ಪಿಯುಸಿ ಓದುವ ಮಗಳು ಮಾತ್ರ ಗೇಲಿ ಮಾಡುತ್ತಾಳೆ. ಅವಳ ರಸಾಯನಶಾಸ್ತ್ರದಲ್ಲಿ ಸಾವಯವ ಅಂದರೆ ಇಂಗಾಲದ ಸಂಯುಕ್ತ, ಆ ಪ್ರಕಾರ ಯೂರಿಯಾ ಅಪ್ಪಟ ಸಾವಯವ, 1828ರಲ್ಲಿ ಜರ್ಮನಿಯ ವಿಜ್ಞಾನಿ ವೋಲರ್ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅದನ್ನೇ. ಸಾವಯವ ತೋಟದಲ್ಲಿ ಅದೇ ಯೂರಿಯಾಗೆ ಜಾಗ ಇಲ್ಲ!

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಸರ್ಕಾರ’. ರಾಸಾಯನಿಕ ಗೊಬ್ಬರಕ್ಕೆ ಕೆಲವು ಕಡೆ ಸೀಮೆಗೊಬ್ಬರ ಅಂತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಸರ್ಕಾರಿ ಗೊಬ್ಬರ’ ಅನ್ನುತ್ತಿದ್ದರು. ಇಲಾಖೆಯವರೇ ತಂದು ಹಾಕಿ ಅಂದದ್ದಕ್ಕೆ ಬಂದ ಹೆಸರಿರಬೇಕು. ಆ ಮಾತು ಇನ್ನೂ ಓಡುವ ಊರಲ್ಲಿ ‘ಸರ್ಕಾರಿ ಸಾವಯವ ಸಂಶೋಧನೆ’ ಅಂತ ಅಚ್ಚಾದರೆ ಓದುವವರು ನಗುತ್ತಾರಾ?

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಇದ್ದರೆ ಹೇಳಿ, ‘ಸರ್ಕಾರಿ ಗೊಬ್ಬರ’ ಈಗಲೂ ಬಳಕೆಯಲ್ಲಿದೆಯಾ, ಹಿರಿಯರ ಬಾಯಲ್ಲಿ ಮಾತ್ರವಾ? ‘ಒತ್ತಾಸೆ’ಯನ್ನು ನಿಮ್ಮ ಊರಲ್ಲಿ ಸುಮ್ನೆ ಮಾತಿನ ನಡುವೆ ಬಳಸುತ್ತಾರಾ? ಕರಪತ್ರ ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಅಲ್ಲಿವರೆಗೆ ತಲೆಬರಹದ ಜಾಗ ಖಾಲಿ ಬಿಟ್ಟಿರುತ್ತೇನೆ.