ವಿಳಾಸ ಪಟ್ಟಿಯಲ್ಲಿ ಕೆಲವು ತಾಲ್ಲೂಕಿಗೆ ಮಾತ್ರ ಜಿಲ್ಲೆ ಹೆಸರು ಬದಲಾಯಿಸೋದು ಹೆಂಗ್ರಿ? (ಸೆಡ್, ಗ್ರೆಪ್)

ಮಂಡಿಪೇಟೆ ಡಿಟಿಪಿ, ದಾವಣಗೆರೆ:
ನಮಸ್ಕಾರ್ರಿ ಎಲ್ಲರಿಗೂ. ಒಂದು ಸಂಘದ ಸದಸ್ಯರ ವಿಳಾಸ ಪುಸ್ತಕ ಮರುಮುದ್ರಣಕ್ಕೆ ನಮ್ಮಂಗಡಿಗೆ ಬಂದೈತಿ, ಮೂಲ ಪಟ್ಟಿ 1997ಕ್ಕಿಂತ ಹಿಂದಿಂದು, ಅಂದ್ರ ನಮ್ಮೂರು ಇನ್ನೂ ಚಿತ್ರದುರ್ಗ ಜಿಲ್ಲೆಯಾಗಿದ್ದಾಗಿಂದು, ಅದನ್ನ ಯೂನಿಕೋಡ್‌ನಾಗ ಟೈಪ್ ಮಾಡಿಸಿ 60 ಟೆಕ್ಸ್ಟ್ ಫೈಲ್ ಮಾಡೀವಿ, ಒಬ್ಬೊಬ್ರದು ಒಂದೊಂದು ಸಾಲು. ನಾನು ಉಬುಂಟುನಾಗ ಸೆಡ್, ಅಂದ್ರ ಟೆಕ್ಸ್ಟ್‌ನಾಗ ಪದ ಹುಡುಕಿ ಬದಲಾಯಿಸೋ ಕಮಾಂಡ್, ಹಿಂಗ ಓಡಿಸಿದೆ (ಸೆಡ್, ಎಸ್, ಜಿ ಎಲ್ಲಾ ಇಂಗ್ಲಿಷ್ ಅಕ್ಷರ ಅಂತ ಓದ್ಕೊಳ್ರಿ):

ಸೆಡ್ -ಐ 'ಎಸ್/ಚಿತ್ರದುರ್ಗ ಜಿಲ್ಲೆ/ದಾವಣಗೆರೆ ಜಿಲ್ಲೆ/ಜಿ' *.ಟಿಎಕ್ಸ್‌ಟಿ

ಹಿರಿಯೂರು, ಚಳ್ಳಕೆರೆ, ಹೊಸದುರ್ಗದವರದ್ದೂ ದಾವಣಗೆರೆ ಜಿಲ್ಲೆ ಆಗಿಬಿಡ್ತು. ಪೆನ್ ಡ್ರೈವ್‌ನಾಗ ಒಂದು ಕಾಪಿ ಇದ್ದಿದ್ದಕ್ಕ ಉಳೀತು. ಸರಿಯಾದ ದಾರಿ ಯಾವುದು ಹೇಳ್ರಿ, ಜನರ ಮನೆ ವಿಳಾಸ, ತಪ್ಪಾಗಬಾರದು.

ಕೋಟೆ ಮೇಷ್ಟ್ರು, ಚಿತ್ರದುರ್ಗ:
ಮೊದಲನೇದು, -ಐ ಹಾಕೋದು ಕೊನೇಲಿ. ಅದು ಕೇಳದೇ ಫೈಲ್ ಮೇಲೇ ಬರೆದುಬಿಡುತ್ತೆ. ಅದಿಲ್ಲದೆ ಓಡಿಸಿ, ಬಂದಿದ್ದನ್ನ ಡಿಫ್‌ಗೆ (ಹಳೇದು ಹೊಸದು ಹೋಲಿಸಿ ವ್ಯತ್ಯಾಸ ತೋರಿಸೋ ಕಮಾಂಡ್) ಪೈಪ್ ಮಾಡಿ, ಅಂದ್ರೆ ನೇರವಾಗಿ ಅದಕ್ಕೆ ಕಳಿಸಿ, ಯಾವ ಸಾಲು ಬದಲಾಗುತ್ತೆ ಅಂತ ಕಣ್ಣಲ್ಲಿ ನೋಡಿ, ಆಮೇಲೆ -ಐ.ಬ್ಯಾಕ್ ಅಂತ ಅಂಟಿಸಿ ಹಾಕಿ, ಹಳೇ ಫೈಲ್ ಪಕ್ಕದಲ್ಲೇ ಉಳ್ಕೊಳ್ಳುತ್ತೆ. ಮ್ಯಾಕ್‌ನಲ್ಲೂ ಹಿಂಗೆ ಅಂಟಿಸಿ ಬರೆದ್ರೆ ನಡೆಯುತ್ತೆ, ಬರೀ -ಐ ಅಲ್ಲಿ ತಕರಾರು ಮಾಡುತ್ತೆ.

ಇನ್ನು ನಿಮ್ಮ ಪ್ರಶ್ನೆ. ಸೆಡ್‌ನಲ್ಲಿ ಎಸ್ ಮುಂದೆ ಒಂದು ಷರತ್ತು ಇಡಬಹುದು, ಆ ಪದ ಇರೋ ಸಾಲಲ್ಲಿ ಮಾತ್ರ ಬದಲಾಯಿಸು ಅಂತ. ಇದು ಹಳೇ ಎಡಿಟರ್ ಇಡಿಯಿಂದ ಬಂದ ರೂಢಿ, ಗ್ರೆಪ್ ಅನ್ನೋ ಹೆಸರೂ ಅಲ್ಲಿನ ಜಿ/ಆರ್‌ಇ/ಪಿ ಕಮಾಂಡೇ, ಹೊಂದೋ ಸಾಲೆಲ್ಲಾ ಹುಡುಕಿ ಪ್ರಿಂಟ್ ಮಾಡು ಅಂತ.

ಸೆಡ್ -ಇ '/(ಜಗಳೂರು|ಹರಿಹರ|ದಾವಣಗೆರೆ) ತಾ(ಲ್)?ಲೂಕು/ಎಸ್/ಚಿತ್ರದುರ್ಗ ಜಿಲ್ಲೆ/ದಾವಣಗೆರೆ ಜಿಲ್ಲೆ/ಜಿ'

ಇಲ್ಲಿ ಇ ದೊಡ್ಡಕ್ಷರ. ಬರೀ ಜಗಳೂರು ಅಂತ ಹಾಕ್ಬೇಡಿ, ‘ಜಗಳೂರು ರಸ್ತೆ, ಚಳ್ಳಕೆರೆ’ ಅನ್ನೋ ವಿಳಾಸವೂ ಸಿಕ್ಕಿಬೀಳುತ್ತೆ. ತಾಲೂಕು, ತಾಲ್ಲೂಕು ಎರಡೂ ಥರ ಬರೆದಿರ್ತಾರೆ, ಅದಕ್ಕೇ ಪ್ರಶ್ನೆ ಚಿಹ್ನೆ. ಲ್ ಸುತ್ತ ಆ ಕಂಸ ಬಿಡಬೇಡಿ, ಲ್ ನಮ್ಮ ಕಣ್ಣಿಗೆ ಒಂದೇ ಅಕ್ಷರ ಆದ್ರೂ ಕಂಪ್ಯೂಟರ್‌ಗೆ ಲ ಬೇರೆ, ಕೆಳಗಿನ ವಿರಾಮ ಚಿಹ್ನೆ ಬೇರೆ, ಕಂಸ ಇಲ್ಲದಿದ್ರೆ ಪ್ರಶ್ನೆ ಚಿಹ್ನೆ ಆ ವಿರಾಮಕ್ಕೆ ಮಾತ್ರ ಅಂಟುತ್ತೆ, ಆಗ ‘ತಾಲೂಕು’ ಸಿಗೋದೇ ಇಲ್ಲ.

ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಅವಕ್ಕೆ ಬೇರೆ ಸಾಲು ಬರೀರಿ. ಹರಪನಹಳ್ಳಿ ಮುಟ್ಟೋ ಮುಂಚೆ ಯೋಚಿಸಿ, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ.

ಮಂಡಿಪೇಟೆ ಡಿಟಿಪಿ:
ಮೇಷ್ಟ್ರೇ ಭಾಳ ಉಪಕಾರ ಆತ್ರಿ, ಮೂರು ತಾಲ್ಲೂಕು ಸರಿಯಾಗಿ ಬಂತು. ಆದ್ರ ಹೊನ್ನಾಳಿ ಸಾಲು ಕೆಲವು ಬದಲಾಗವಲ್ವು. ಕಣ್ಣಿಗೆ ಹೊನ್ನಾಳಿ ಅಂತನ ಕಾಣ್ತೈತಿ, ಗ್ರೆಪ್‌ಗೆ ಸಿಗವಲ್ದು.

ತುಂಗಭದ್ರೆ ದಡ, ಹರಿಹರ:
ಅಣ್ಣಾ, ಅದು ಒತ್ವದ ಸಮಸ್ಯೆ ಇರಬೇಕು. ‘ಹೊ’ದಲ್ಲಿರೋ ಒತ್ವ ಯೂನಿಕೋಡ್‌ನಲ್ಲಿ ಎರಡು ಥರ ಬರುತ್ತೆ, ಒಂದೇ ಚಿಹ್ನೆಯಾಗಿ, ಇಲ್ಲಾ ಎತ್ವ ಹಾಕಿ ಅದಾದಮೇಲೆ ಊ ಸ್ವರದ ಚಿಹ್ನೆ ಹಾಕಿ. ಸ್ಕ್ರೀನ್ ಮೇಲೆ ಎರಡೂ ಒಂದೇ. ಬೇರೆ ಬೇರೆ ಕೀಬೋರ್ಡ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ್ರೆ, ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಹಿಂಗೆ ಬೆರಕೆ ಆಗುತ್ತೆ. ನೋಡಬೇಕಂದ್ರೆ ಸಿಗದೇ ಇರೋ ಸಾಲಿಂದ ಆ ಒಂದು ಪದ ಕಾಪಿ ಮಾಡಿ ಪ್ರಿಂಟ್‌ಎಫ್‌ಗೆ ಕೊಟ್ಟು ಬೈಟ್ ಎಣಿಸೋ ಡಬ್ಲ್ಯೂಸಿ -ಸಿಗೆ ಪೈಪ್ ಮಾಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಸರಿಯಾದ ಹೊನ್ನಾಳಿ 24 ಬರಬೇಕು, 27 ಬಂದ್ರೆ ಒಡೆದ ಒತ್ವ ಅಂತಾನೇ ಅರ್ಥ. ಶಿವಮೊಗ್ಗದ ‘ಮೊ’ಗೂ ಇದೇ ಕಾಟ, ಹಂಗಾಗಿ ಆ ಸಾಲುಗಳಲ್ಲಿ ಎರಡು ಕಡೆ ಕೈ ಕೊಡುತ್ತೆ.

ಐಸಿಯು ಡೆವ್‌ಟೂಲ್ಸ್ ಪ್ಯಾಕೇಜ್ ಹಾಕ್ಕೊಳ್ಳಿ, ಅದರಲ್ಲಿ ಯುಕಾನ್ವ್ ಅಂತ ಬರುತ್ತೆ, ಅದನ್ನ -ಎಕ್ಸ್ ಎನಿ-ಎನ್‌ಎಫ್‌ಸಿ ಹಾಕಿ ಓಡಿಸಿದ್ರೆ ಒಡೆದಿದ್ದೆಲ್ಲಾ ಕೂಡ್ಕೊಳ್ಳುತ್ತೆ. ಫಲಿತಾಂಶ ಹೊಸ ಫೈಲಿಗೆ ಬರೀರಿ, ಅದೇ ಫೈಲಿಗೆ ತಿರುಗಿಸಿದ್ರೆ ಖಾಲಿ ಆಗಿಬಿಡುತ್ತೆ. ಸೆಡ್ ಅದಾದಮೇಲೆ.

ಮಂಡಿಪೇಟೆ ಡಿಟಿಪಿ:
27 ಬಂತ್ ನೋಡ್ರಿ! ನಮ್ಮಲ್ಲಿ ಇಬ್ರು ಟೈಪ್ ಮಾಡಿದ್ರು, ಒಬ್ರ ಫೈಲ್‌ನಾಗಷ್ಟ ಹಿಂಗ ಐತಿ. ಯುಕಾನ್ವ್ ಓಡಿಸಿ ಆಮೇಲೆ ಸೆಡ್ ಹಾಕಿದೆ, ಹೊನ್ನಾಳಿ ಎಲ್ಲಾ ಬಂತು. ಹರಪನಹಳ್ಳಿಯವು 14 ಸಾಲು ಐತಿ, ಅವನ್ನ ಗ್ರೆಪ್ -ಎನ್‌ನಿಂದ ಸಾಲಿನ ನಂಬರ್ ಸಮೇತ ತೆಗೆದು ಪ್ರಿಂಟ್ ಹಾಕೀನಿ, ನಾಳೆ ಸಂಘದವರನ್ನ ಕೂರಿಸ್ಕೊಂಡು ಕೈಯಿಂದನ ತಿದ್ದತೀನಿ.