ಮೋಟಾರ್ ರನ್ ಆದ ಕೂಡಲೇ ಪ್ರೆಶರ್ ರೀಡಿಂಗ್ ಕುಣಿಯುತ್ತದೆ

ಪ್ರಶ್ನೆ (ಪಂಪ್‌ಮನೆ):
7.5 ಕಿಲೋವ್ಯಾಟ್ ಪಂಪ್‌ಗೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಹಾಕಿದ್ದೇವೆ. ಪ್ರೆಶರ್ ಟ್ರಾನ್ಸ್‌ಮಿಟರ್ 0–10 ವೋಲ್ಟಿನದು. ಡ್ರೈವ್‌ಗೆ ಬರೀ ಪವರ್ ಕೊಟ್ಟಾಗ ರೀಡಿಂಗ್ ಅಲುಗಾಡುವುದಿಲ್ಲ. ರನ್ ಕೊಟ್ಟರೆ ಕುಣಿತ ಶುರು. ಮೋಟಾರ್ ಕೇಬಲ್ ಸಾದಾ ನಾಲ್ಕು ಕೋರ್. ಸಿಗ್ನಲ್ ಕೇಬಲ್ ಜೊತೆಗೇ ಒಂದೇ ಟ್ರೇಯಲ್ಲಿ ಹೋಗಿದೆ. ಪಿಎಲ್‌ಸಿಯಲ್ಲಿ (ಈ ರೀಡಿಂಗ್ ಓದಿ ಪಂಪ್ ನಡೆಸುವ ಕಂಟ್ರೋಲರ್) ಫಿಲ್ಟರ್ ಟೈಮ್ ಜಾಸ್ತಿ ಮಾಡಿದರೆ ಸಾಕಾ?

ಉತ್ತರ (ಹಳೇ ಪ್ಯಾನೆಲ್):
ಫಿಲ್ಟರ್ ಹಾಕಿದರೆ ಕುಣಿತ ಕಾಣಿಸುವುದಿಲ್ಲ ಅಷ್ಟೇ, ನಾಯ್ಸ್ (ಸಿಗ್ನಲ್‌ಗೆ ಸೇರುವ ಬೇಡದ ವಿದ್ಯುತ್ ಗದ್ದಲ) ಅಲ್ಲೇ ಇರುತ್ತದೆ. ಪಂಪ್‌ನ ಕಂಟ್ರೋಲ್ ಕೂಡ ನಿಧಾನ ಆಗುತ್ತದೆ.

ರನ್‌ನಲ್ಲಿ ಮಾತ್ರ ಬರುತ್ತಿದೆ ಅಂದರೆ ಕಿತಾಪತಿ ಔಟ್‌ಪುಟ್ ಕಡೆಯದು. 400 ವೋಲ್ಟ್ ಡ್ರೈವ್‌ನ ಡಿಸಿ ಬಸ್ (ಒಳಗೆ ಎಸಿಯನ್ನು ಡಿಸಿ ಮಾಡಿ ಇಟ್ಟುಕೊಳ್ಳುವ ಭಾಗ) ಸುಮಾರು 560 ವೋಲ್ಟ್. ಐಜಿಬಿಟಿಗಳು (ಡ್ರೈವ್‌ನ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತವೆ. ವೋಲ್ಟೇಜ್ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಏರುತ್ತದೆ. ಹಾಗೆ ಏರಿದಾಗಲೆಲ್ಲ ಕೇಬಲ್‌ನಿಂದ, ಮೋಟಾರ್ ವೈಂಡಿಂಗ್‌ನಿಂದ ಅರ್ಥ್‌ಗೆ ಒಂದಿಷ್ಟು ಕರೆಂಟ್ ಸೋರುತ್ತದೆ. ಅದು ಡ್ರೈವ್‌ಗೇ ವಾಪಸ್ ಬರಬೇಕು. ನೀವು ದಾರಿ ಕೊಡದಿದ್ದರೆ ಟ್ರೇ, ಪೈಪು, ಸಿಗ್ನಲ್ ಕೇಬಲ್, ಸಿಕ್ಕಿದ್ದರಲ್ಲಿ ನುಗ್ಗುತ್ತದೆ.

ಹಾಗಾಗಿ ಮೊದಲು ಮೋಟಾರ್‌ಗೆ ಶೀಲ್ಡ್ (ಕೋರ್‌ಗಳ ಸುತ್ತ ಲೋಹದ ಹೆಣಿಗೆ) ಇರುವ ಕೇಬಲ್ ಎಳೆಯಿರಿ. ಸಿಗ್ನಲ್ ಕೇಬಲ್ ಬೇರೆ ಟ್ರೇಗೆ ಹೋಗಲಿ, ಕನಿಷ್ಠ 30 ಸೆಂಟಿಮೀಟರ್ ದೂರ. ದಾಟಲೇಬೇಕಾದ ಕಡೆ ಅಡ್ಡಡ್ಡ, 90 ಡಿಗ್ರಿಯಲ್ಲಿ ದಾಟಿಸಿ. ಟ್ರಾನ್ಸ್‌ಮಿಟರ್ 4–20 ಮಿಲಿಆಂಪ್ ಆದರೆ ಇನ್ನೂ ಒಳ್ಳೆಯದು.

ಉತ್ತರ (ಕಾಯಿಲ್):
ಕೇಬಲ್ ಬರುವ ತನಕ ಡ್ರೈವ್‌ನ ಕ್ಯಾರಿಯರ್ ಫ್ರೀಕ್ವೆನ್ಸಿ (ಐಜಿಬಿಟಿ ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗುತ್ತದೆ ಅನ್ನುವುದು) ಇಳಿಸಿ ನೋಡಿ. ಮೋಟಾರ್ ಕಿರುಗುಟ್ಟುವುದು ಜಾಸ್ತಿ ಆಗುತ್ತದೆ, ಸೋರುವ ಕರೆಂಟ್ ಕಡಿಮೆ ಆಗುತ್ತದೆ. ಫೆರೈಟ್ ರಿಂಗ್ (ನಾಯ್ಸ್ ತಗ್ಗಿಸುವ ಕಾಂತೀಯ ಬಳೆ) ಇದ್ದರೆ ಮೂರೂ ಫೇಸ್ ಒಟ್ಟಿಗೆ ತೂರಿಸಿ, ಅರ್ಥ್ ವೈರ್ ಹೊರಗಿರಲಿ.

ಪಂಪ್‌ಮನೆ:
ಶೀಲ್ಡ್ ಕೇಬಲ್ ಸಿಕ್ಕಿದೆ. ಶೀಲ್ಡ್ ಅನ್ನು ಹುರಿ ಮಾಡಿ, ಒಂದು ವೈರ್ ಸೇರಿಸಿ ಅರ್ಥ್ ಬಾರ್‌ಗೆ ಕಟ್ಟಬಹುದಲ್ವಾ? ಡ್ರೈವ್ ಕಡೆ ಮಾತ್ರ ಸಾಕಾ?

ಹಳೇ ಪ್ಯಾನೆಲ್:
ಎರಡೂ ಬೇಡ. ಮೋಟಾರ್ ಶೀಲ್ಡ್ ಎರಡೂ ತುದಿಯಲ್ಲಿ ಅರ್ಥ್ ಆಗಬೇಕು, ಇಲ್ಲದಿದ್ದರೆ ವಾಪಸ್ ದಾರಿ ಪೂರ್ತಿ ಆಗುವುದಿಲ್ಲ. ಮೇಲಿನ ಕವಚ ಸುಲಿದು, ಹೆಣಿಗೆಯನ್ನು ಸುತ್ತಲೂ ಕಚ್ಚಿ ಹಿಡಿಯುವ ಕ್ಲ್ಯಾಂಪ್ ಹಾಕಿ. ಅದು ಕೂರುವ ಜಾಗದಲ್ಲಿ ಪ್ಲೇಟ್‌ನ ಪೇಂಟ್ ಕೆರೆಯಿರಿ. ಮೋಟಾರ್ ಕಡೆ ಮೆಟಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಜಾಗದಲ್ಲಿ ಅದನ್ನು ಹಿಡಿಯುವ ಲೋಹದ ಹಿಡಿಕೆ). ಹುರಿ ಮಾಡಿದ ಉದ್ದನೆ ಬಾಲ 50 ಹರ್ಟ್ಸ್‌ಗೆ ಅರ್ಥ್ ಇದ್ದಂತೆಯೇ, ಆದರೆ ಮೆಗಾಹರ್ಟ್ಸ್ ನಾಯ್ಸ್‌ಗೆ ಅದು ಚೋಕ್, ಅಂದರೆ ಅಡ್ಡಗಟ್ಟುತ್ತದೆ. ಮೀಟರ್‌ನಲ್ಲಿ ಸೊನ್ನೆ ಓಮ್ ತೋರಿಸುತ್ತದೆ, ಅದನ್ನು ನಂಬಬೇಡಿ.

ಶೀಲ್ಡ್ ಇದೆ ಅಂತ ಅರ್ಥ್ ಕೋರ್ ಬಿಡಬೇಡಿ, ಅದು ಸೀದಾ ಡ್ರೈವ್‌ನ ಪಿಇ (ಅರ್ಥ್) ಟರ್ಮಿನಲ್‌ಗೆ ಬರಲಿ. ಕವರ್ ತೆಗೆಯುವ ಮುಂಚೆ ಪವರ್ ಆಫ್ ಮಾಡಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಡಿಸಿ ಬಸ್‌ನ ವೋಲ್ಟೇಜ್ ಇಳಿದಿದೆಯಾ ಅಂತ ಅಳೆದು ನೋಡಿ.