ಸಹಾಯ ಬೇಕು: ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಪ್ರಾರ್ಥನೆ, ಆಟ ಎರಡೂ ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಮಗಳಿಗೆ 11, ಮಗನಿಗೆ 7. ರಜೆ ಶುರುವಾದ ಮೇಲೆ ಇಬ್ಬರ ಕೈಯಲ್ಲೂ ಮೊಬೈಲೇ ಜಾಸ್ತಿ. ಸುಮ್ನೆ ಕಿತ್ತುಕೊಂಡರೆ ಆಗಲ್ಲ, ಬದಲಿಗೆ ಏನಾದರೂ ಕೊಡಬೇಕು ಅಲ್ವಾ?

ನಮ್ಮ ಕಥೋಲಿಕರಿಗೆ ಮೇ ಅಂದರೆ ಮಾತೆ ಮರಿಯಮ್ಮನವರ ತಿಂಗಳು. ಸಂಜೆ ಜಪಸರಕ್ಕೆ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ) ಕೂತರೆ ಮೂರನೇ ರಹಸ್ಯಕ್ಕೆ, ಅಂದರೆ ಅದರ ಐದು ಭಾಗಗಳಲ್ಲಿ ಮೂರನೆಯದಕ್ಕೆ, ಬರುವಷ್ಟರಲ್ಲಿ ಮಗ ನನ್ನ ತೊಡೆ ಮೇಲೆ ನಿದ್ದೆ ಹೋಗುತ್ತಿದ್ದ. ಈಗ ಒಂದೊಂದು ರಹಸ್ಯವನ್ನು ಒಬ್ಬೊಬ್ಬರು ನಡೆಸುತ್ತೇವೆ. ತನ್ನ ಸರದಿ ಬಂದಾಗ ಮಣಿಯನ್ನು ಬಿಗಿಯಾಗಿ ಹಿಡಿದು ಜೋರಾಗಿ ಹೇಳುತ್ತಾನೆ. ಕೇಳಲು ತುಂಬಾ ಖುಷಿ.

ಯೇಸು ಹೇಳಿದ ಸಾಸಿವೆ ಕಾಳಿನ ಸಾಮತಿ (ನೀತಿಕಥೆ) ಓದಿದ ದಿನ ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ ಸಾಸಿವೆ ಹಾಕಿದೆವು. ನಾಲ್ಕನೇ ದಿನ ಮೊಳಕೆ! ಬೆಳಿಗ್ಗೆ ಎದ್ದ ತಕ್ಷಣ ಇಬ್ಬರೂ ಅಲ್ಲಿಗೇ ಓಡುತ್ತಾರೆ. ಇಂಥ ಖರ್ಚಿಲ್ಲದ, ಕೈಯಾರೆ ಮಾಡುವ ಕೆಲಸ ಬೇರೆ ಏನಿದೆ? ನಿಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನೇ ಹೇಳಿ.

ಇನ್ನೊಂದು ವಿಷಯ, ನಮ್ಮ ಹಾಸನದ ಹತ್ತಿರ ಪಾಳುಬಿದ್ದಿರುವ ಶೆಟ್ಟಿಹಳ್ಳಿ ಚರ್ಚ್. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಮಳೆಗಾಲದಲ್ಲಿ ಗೊರೂರು ಅಣೆಕಟ್ಟಿನ ಹಿನ್ನೀರು ಒಳಗೇ ಬರುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ನಡೆದೇ ಹೋಗಬಹುದು. ಅಲ್ಲಿ ನಿಂತು ಮಕ್ಕಳ ಜೊತೆ ಒಂದು ಪ್ರಾರ್ಥನೆ ಹೇಳಬೇಕು ಅಂತ ನನ್ನ ಆಸೆ. ಇತ್ತೀಚೆಗೆ ಹೋದವರು ಇದ್ದೀರಾ? ಗೋಡೆಗಳು ಹಳೆಯವು, ಮಕ್ಕಳನ್ನು ಎಷ್ಟು ಹತ್ತಿರ ಬಿಡಬಹುದು? ಬಿಸಿಲಿಗೆ ಬೆಳಿಗ್ಗೆ ಒಳ್ಳೆಯದಾ, ಸಂಜೆಯಾ? ಈ ಭಾನುವಾರ ಪೂಜೆ ಮುಗಿಸಿ ಹೊರಡೋಣ ಅಂದುಕೊಂಡಿದ್ದೇವೆ, ಅಷ್ಟರಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.